ಪೂಜಿ ಆಗಿಲ್ಲ: ಪುಣೆಯ ಒಂದು ವಾರ್ಡಿನ ಪ್ರಕರಣ

ಆ ದಿನದ ನರ್ಸಿಂಗ್ ನೋಟ್ಸ್‌ನಲ್ಲಿ ಇದ್ದದ್ದು ಮೂರೇ ವಾಕ್ಯ. "ರೋಗಿ ಸಹಕರಿಸುತ್ತಿಲ್ಲ. ಬೆಳಗಿನ ನಾಷ್ಟಾ ಬೇಡ ಎಂದರು. 10 ಗಂಟೆಗೆ ಸಕ್ಕರೆ 52." ಎರಡನೆಯದು ಮತ್ತು ಮೂರನೆಯದು ನಿಜ. ಮೊದಲನೆಯದು ಸುಳ್ಳು. ಆ ಸುಳ್ಳನ್ನು ಯಾರೂ ಬೇಕೆಂದು ಬರೆದಿರಲಿಲ್ಲ. ಅದು ಹೇಗೆ ಹುಟ್ಟಿತು, ಅದರಲ್ಲಿ ನನ್ನ ಪಾಲು ಎಷ್ಟು, ಆಮೇಲೆ ನಾವು ಏನು ಮಾಡಿದೆವು ಎಂಬುದನ್ನು ಬರೆಯುತ್ತಿದ್ದೇನೆ. ರೋಗಿಯ ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಬರೆಯುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ.

ನಾನು ಕುಂದಾಪುರದ ಕಡೆಯವಳು. ಪುಣೆಯಲ್ಲಿ ನರ್ಸ್ ಆಗಿ 14 ವರ್ಷ ಆಯಿತು. ಇಲ್ಲಿನ ಆಸ್ಪತ್ರೆಗಳಿಗೆ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಜನ ತುಂಬಾ ಬರುತ್ತಾರೆ. ಕಟ್ಟಡ ಕೆಲಸಕ್ಕೆ ಬಂದವರು, ಅವರ ಹಿಂದೆ ಬಂದ ತಂದೆ ತಾಯಿ. ಅಂಥವರು ಅಡ್ಮಿಟ್ ಆದರೆ ವಾರ್ಡಿನಿಂದ ನನಗೆ ಕರೆ ಬರುತ್ತದೆ. "ಕಾನಡಿ ಪೇಶಂಟ್ ಬಂದಿದ್ದಾರೆ, ಸ್ವಲ್ಪ ಬನ್ನಿ." ನಾನು ಹೋಗುತ್ತೇನೆ, ಮಾತಾಡುತ್ತೇನೆ, ಫಾರ್ಮ್ ತುಂಬುತ್ತೇನೆ. ಕನ್ನಡ ಬರುತ್ತದಲ್ಲ, ಮತ್ತೇನು ಬೇಕು ಅಂದುಕೊಂಡಿದ್ದೆ.

ರೋಗಿ

ವಯಸ್ಸು 61. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಮೂರು ವರ್ಷದಿಂದ ಪುಣೆಯ ಹಡಪಸರದ ಕಡೆ ಮಗನ ಮನೆಯಲ್ಲಿದ್ದರು. ಮಗ ಸೆಂಟ್ರಿಂಗ್ ಕಂತ್ರಾಟು ಹಿಡಿಯುವವರು. ಮನೆಯಲ್ಲಿ ಸೊಸೆ, 19 ವರ್ಷದ ಮೊಮ್ಮಗ. ಸಕ್ಕರೆ ಕಾಯಿಲೆ ಗೊತ್ತಾಗಿ 11 ವರ್ಷ. ಗುಳಿಗೆ ನುಂಗುತ್ತಿದ್ದರು, ಆದರೆ ಒಂದು ದಿನ ನುಂಗಿದರೆ ಎರಡು ದಿನ ಇಲ್ಲ.

ಬಂದದ್ದು ನವೆಂಬರಿನಲ್ಲಿ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಸುಮಾರು 3 ಸೆಂಟಿಮೀಟರ್ ಅಗಲದ ಗಾಯ. ಸುತ್ತ ಆಣಿ ಕಟ್ಟಿದ ದಪ್ಪ ಚರ್ಮ, ಒಳಗೆ ಕೀವು. ಬರಿಗಾಲಲ್ಲಿ ಓಡಾಡುವಾಗ ಏನೋ ಚುಚ್ಚಿದೆ. ಯಾವಾಗ ಚುಚ್ಚಿತೋ ಅವರಿಗೇ ಗೊತ್ತಿಲ್ಲ. 10 ಗ್ರಾಂ ಮಾನೋಫಿಲಮೆಂಟ್ ಎಳೆಯನ್ನು ಅಂಗಾಲಿಗೆ ಒತ್ತಿ ಪರೀಕ್ಷಿಸಿದಾಗ ಬಹುತೇಕ ಕಡೆ ಏನೂ ತಿಳಿಯಲಿಲ್ಲ. ನರಗಳು ಸತ್ತಿದ್ದವು. ರಕ್ತದ ಹರಿವು ಮಾತ್ರ ಚೆನ್ನಾಗಿತ್ತು, ಎಕ್ಸ್‌ರೇಯಲ್ಲಿ ಮೂಳೆಗೆ ಸೋಂಕು ಕಾಣಲಿಲ್ಲ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 10.4. ಡಾಕ್ಟರು ಗುಳಿಗೆ ಬದಲು ದಿನಕ್ಕೆ ಎರಡು ಹೊತ್ತು 30/70 ಇನ್ಸುಲಿನ್ ಶುರು ಮಾಡಿದರು. ಸತ್ತ ಮಾಂಸ ತೆಗೆಯಲು ಮಾರನೆಯ ದಿನ ಆಪರೇಷನ್ ಥಿಯೇಟರಿಗೆ ಕರೆದೊಯ್ಯುವುದು ಎಂದಾಯಿತು.

ಮೊದಲ ದಿನ ನಾನು ಅವರ ಮಂಚದ ಹತ್ತಿರ ಹೋಗಿ ಕೇಳಿದ್ದು, "ತಿಂಡಿ ಆಯ್ತಾ ಅಮ್ಮಾ?"

ಅವರು ತೋಳು ತಿರುಗಿಸಿ ನೋಡಿಕೊಂಡರು. "ಇಲ್ಲ ತಂಗಿ, ತಿಂಡಿ ಏನಿಲ್ಲ. ಕಾಲು ಉರಿ ಅಷ್ಟ ಐತಿ."

ನಾನು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದೆ. ಅವರ ಕಡೆ ತಿಂಡಿ ಅಂದರೆ ತುರಿಕೆ, ಬೆಳಗ್ಗೆ ತಿನ್ನುವುದು ನಾಷ್ಟಾ. ಇದು ನನಗೆ ಹೊಳೆದದ್ದು ಎರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ನಾನು ಫಾರ್ಮ್ ತುಂಬಿ ಆಗಿತ್ತು. ಭಾಷೆ: ಕನ್ನಡ. ಧರ್ಮ: ಹಿಂದೂ. ಆಹಾರ: ಸಸ್ಯಾಹಾರ. ಹತ್ತು ನಿಮಿಷದ ಕೆಲಸ. ಅವರ ಕೊರಳಲ್ಲಿ ಸೀರೆ ಸೆರಗಿನ ಅಡಿ ಒಂದು ಬೆಳ್ಳಿ ಕರಡಿಗೆ, ಮುಚ್ಚಳದ ಪುಟ್ಟ ಡಬ್ಬಿ, ಇತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ನಾನು ಕೇಳಲಿಲ್ಲ.

ಏನಾಯಿತು

ಮಾರನೆಯ ಮಧ್ಯಾಹ್ನ ಥಿಯೇಟರಿಗೆ ಕಳಿಸುವ ಮೊದಲು ಒಡವೆ ತೆಗೆಸಿದರು. ಇದು ನಿಯಮ, ಇದಕ್ಕೆ ಕಾರಣವೂ ಇದೆ. ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವ ಕಾಟರಿ ಯಂತ್ರ ಬಳಸುವಾಗ ಮೈಮೇಲಿನ ಲೋಹದಿಂದ ಸುಟ್ಟ ಗಾಯ ಆಗಬಹುದು, ಒಡವೆ ಕಳೆದುಹೋಗಬಹುದು, ಸೋಂಕಿನ ಭಯವೂ ಉಂಟು. ಮೂಗುಬೊಟ್ಟು, ಬಳೆ, ಅವುಗಳ ಜೊತೆಗೆ ಕರಡಿಗೆ. ಅವರು ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರಂತೆ. ಸಿಸ್ಟರ್ ಮಗನನ್ನು ಕೇಳಿದರು. ಮಗ, "ಏನಾಗೂದಿಲ್ಲ, ತಗೀರಿ" ಅಂದರು. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸಹಿ ತೆಗೆದುಕೊಂಡು ಮಗನ ಕೈಗೆ ಕೊಟ್ಟರು. ಮಗ ಅದನ್ನು ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ಸಂಜೆ ಸೈಟಿಗೆ ಹೋದರು.

ರಾತ್ರಿ ಅವರು ಊಟ ಮಾಡಲಿಲ್ಲ. ಆಪರೇಷನ್ ಆದ ದಿನ ಅಲ್ವಾ, ಹಸಿವಿಲ್ಲ ಎಂದು ವಾರ್ಡಿನವರು ಅಂದುಕೊಂಡರು. ಡ್ರಿಪ್ ಇದ್ದದ್ದರಿಂದ ರಾತ್ರಿ ಏನೂ ಆಗಲಿಲ್ಲ. ಬೆಳಗ್ಗೆ ಡ್ರಿಪ್ ತೆಗೆದರು. 7:30ಕ್ಕೆ ಇನ್ಸುಲಿನ್ ಕೊಟ್ಟರು. 8 ಗಂಟೆಗೆ ಉಪ್ಪಿಟ್ಟು, ಚಹಾ ಬಂತು. ಅವರು ತಟ್ಟೆ ಸರಿಸಿ ತಮ್ಮ ಅರೆಬರೆ ಮರಾಠಿಯಲ್ಲಿ ಪೂಜೆ ಆಗಿಲ್ಲ ಅಂದರು. ಸರಿ ಅಜ್ಜಿ, ಪೂಜೆ ಮಾಡಿಕೊಂಡು ತಿನ್ನಿ ಅಂದಳು ಸಿಸ್ಟರ್. ಆ ಹುಡುಗಿಯ ಮನಸ್ಸಿನಲ್ಲಿ ಪೂಜೆ ಅಂದರೆ ಕಣ್ಣು ಮುಚ್ಚಿ ಕೈ ಮುಗಿಯುವುದು. ಎರಡು ನಿಮಿಷದ ಕೆಲಸ.

30/70 ಇನ್ಸುಲಿನ್‌ನಲ್ಲಿ 30 ಭಾಗ ಬೇಗ ಕೆಲಸ ಮಾಡುವಂಥದ್ದು. ಅರ್ಧ ಗಂಟೆಯಲ್ಲಿ ಶುರುವಾಗಿ ಎರಡು ಮೂರು ಗಂಟೆಗೆ ಅದರ ಜೋರು ಇರುತ್ತದೆ. ಹೊಟ್ಟೆಗೆ ಏನೂ ಬೀಳದಿದ್ದರೆ ಅದು ಮೈಯಲ್ಲಿರುವ ಸಕ್ಕರೆಯನ್ನೇ ಇಳಿಸುತ್ತದೆ. 10 ಗಂಟೆಗೆ ಅವರು ಬೆವತು ನಡುಗುತ್ತಿದ್ದರು. ಬೆರಳಿನ ರಕ್ತ ನೋಡಿದರೆ 52. 70ಕ್ಕಿಂತ ಕೆಳಗೆ ಬಂದರೇ ನಾವು ಓಡುತ್ತೇವೆ. ಪ್ರಜ್ಞೆ ಇತ್ತು. ಗ್ಲೂಕೋಸ್ ನೀರು ಕೊಟ್ಟರೆ ಬಾಯಿ ಬಿಗಿದರು. ಕೊನೆಗೆ ರಕ್ತನಾಳದ ಮೂಲಕ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ಕೊಟ್ಟು ಮೇಲೆ ತಂದರು. ಆಮೇಲೆ ನನಗೆ ಫೋನು ಬಂತು.

ನಾನು ಹೋದಾಗ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಯಾಕೆ ತಿನ್ನುವುದಿಲ್ಲ, ಜೀವಕ್ಕೆ ಅಪಾಯ ಅಲ್ವಾ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ಅವರು ತಿರುಗಲೂ ಇಲ್ಲ.

"ಪೂಜಿ ಆಗಿಲ್ಲ ತಂಗಿ. ಮೈಮ್ಯಾಲ ಲಿಂಗ ಇಲ್ಲ. ಹ್ಯಾಂಗ ಉಣ್ಣಲಿ?"

ಆ ಕರಡಿಗೆಯೊಳಗೆ ಇದ್ದದ್ದು ಇಷ್ಟಲಿಂಗ. ಅದರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ ಎಂದಲ್ಲ. ಶಾಲೆಯಲ್ಲಿ ಓದಿದ್ದೆ. 12ನೇ ಶತಮಾನದ ಶರಣರು, ಗಂಡು ಹೆಣ್ಣು ಭೇದವಿಲ್ಲದೆ ಲಿಂಗ ಕಟ್ಟಿಕೊಳ್ಳುವುದು, ಪರೀಕ್ಷೆಗೆ ಬರೆದಿದ್ದೆ. ಆದರೆ ಒಬ್ಬ ಹೆಂಗಸಿನ ದಿನ ಹೇಗೆ ಅದರ ಸುತ್ತ ತಿರುಗುತ್ತದೆ ಎಂಬುದು ಗೊತ್ತಿರಲಿಲ್ಲ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡ ಅಂಗೈ ಮೇಲೆ ಲಿಂಗ ಇಟ್ಟು ಪೂಜಿಸಿ, ಮತ್ತೆ ಕಟ್ಟಿಕೊಂಡ ಮೇಲೇ ಅವರ ಬಾಯಿಗೆ ನೀರು. ಚಿಕ್ಕಂದಿನಿಂದ ಒಂದು ದಿನವೂ ತಪ್ಪಿಲ್ಲವಂತೆ. ಅವರ ಲೆಕ್ಕದಲ್ಲಿ ನಾವು ತೆಗೆದದ್ದು ಒಡವೆಯನ್ನಲ್ಲ.

ಮಗ ಮಧ್ಯಾಹ್ನ ಚೀಲ ತಂದರು. ಅವರ ಮುಖ ಸಣ್ಣದಾಗಿತ್ತು. "ನಾನೂ ಲಿಂಗಾಯತನ ಅದೀನಿ ಸಿಸ್ಟರ್. ನಾ ಕಟ್ಟಿಕೊಳ್ಳೂದು ಬಿಟ್ಟು ಎಷ್ಟೋ ವರ್ಷ ಆತು. ಅವ್ವಗ ಇಷ್ಟು ತ್ರಾಸ ಆಗ್ತೈತಿ ಅಂತ ಗೊತ್ತಾಗಲಿಲ್ಲ" ಅಂದರು.

ಈ ಮಾತಿನ ಬಗ್ಗೆ ನಾನು ತುಂಬಾ ದಿನ ಯೋಚಿಸಿದೆ. ಮರಾಠಿ ಸಿಸ್ಟರ್‌ಗೆ ಭಾಷೆ ಗೊತ್ತಿರಲಿಲ್ಲ. ನನಗೆ ಭಾಷೆ ಗೊತ್ತಿತ್ತು, ಆಚಾರ ಗೊತ್ತಿರಲಿಲ್ಲ. ಮಗನಿಗೆ ಎರಡೂ ಗೊತ್ತಿತ್ತು, ಆದರೂ ಅವ್ವನ ಮನಸ್ಸು ಗೊತ್ತಿರಲಿಲ್ಲ. ನಾವು ಮೂವರೂ ಕೇಳದೆ ಬಿಟ್ಟದ್ದು ಒಬ್ಬರನ್ನೇ. "ಲಿಂಗಾಯತರು ಹೀಗೆ ಮಾಡುತ್ತಾರೆ" ಎಂದು ಒಂದು ಪಟ್ಟಿ ವಾರ್ಡಿನ ಗೋಡೆಗೆ ಅಂಟಿಸಿದ್ದರೂ ಈ ತಪ್ಪು ನಿಲ್ಲುತ್ತಿರಲಿಲ್ಲ. ಆ ಪಟ್ಟಿಗೆ ಮಗ ಸರಿಹೊಂದುವುದಿಲ್ಲ, ತಾಯಿ ಹೊಂದುತ್ತಾರೆ. ಇಬ್ಬರೂ ಒಂದೇ ಮನೆಯವರು.

ವಾರ್ಡಿನಲ್ಲಿ ಅರ್ಥ ಮಾಡಿಸಿದ್ದು

ಮರುದಿನ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡಿದೆ. ಅವರು ಹಿರಿಯರು, ಸೊಲ್ಲಾಪುರದ ಕಡೆಯವರು. ಮೊದಲು, ಒಬ್ಬೊಬ್ಬರ ದೇವರಿಗೆ ಒಂದೊಂದು ನಿಯಮ ಮಾಡಿದರೆ 40 ಮಂಚದ ವಾರ್ಡ್ ನಡೆಸುವುದು ಹೇಗೆ ಅಂದರು. ಅವರ ಕಷ್ಟ ಸುಳ್ಳಲ್ಲ. ರಾತ್ರಿ ಪಾಳಿಯಲ್ಲಿ ಇಬ್ಬರು ಸಿಸ್ಟರ್, ಒಬ್ಬರು ಮಾವಶಿ (ಆಯಾ) ಇರುವ ವಾರ್ಡು ಅದು.

ಆಗ ನಾನು ಕೇಳಿದೆ. "ಮಾಳಕರಿ ಪೇಶಂಟ್ ಬಂದು ತುಳಸಿ ಮಾಲೆ ತೆಗೆಯುವುದಿಲ್ಲ ಅಂದರೆ ನಾವು ಏನು ಮಾಡುತ್ತೇವೆ?"

ಅವರು ತಕ್ಷಣ ಹೇಳಿದರು. ಅನಸ್ತೇಶಿಯಾ ಡಾಕ್ಟರನ್ನು ಕೇಳಿ, ಅಡ್ಡಿ ಇಲ್ಲ ಅಂದರೆ ಮಾಲೆಯನ್ನು ಬಟ್ಟೆಯಲ್ಲಿ ಸುತ್ತಿ ಟೇಪ್ ಹಾಕುತ್ತೇವೆ. ಹೇಳಿ ಮುಗಿಸುವಷ್ಟರಲ್ಲಿ ಅವರೇ ಸುಮ್ಮನಾದರು. ಪುಣೆಯಲ್ಲಿ ವಾರಿ, ಅಂದರೆ ಪಂಢರಪುರದ ಪಾದಯಾತ್ರೆ, ಯಾರಿಗೆ ಗೊತ್ತಿಲ್ಲ? ಆಷಾಢ ಏಕಾದಶಿಗೆಂದು ಹೊರಟ ಆಳಂದಿ, ದೇಹುವಿನ ಪಾಲಖಿಗಳು ಊರೊಳಗೆ ಹಾದುಹೋಗುವಾಗ ಆಸ್ಪತ್ರೆಯವರೇ ರಸ್ತೆಗೆ ಬಂದು ವಾರಕರಿಗಳ ಕಾಲಿಗೆ ಪಟ್ಟಿ ಕಟ್ಟುತ್ತಾರೆ. ತನ್ನದಾದ ಆಚಾರಕ್ಕೆ ಜಾಗ ಮಾಡಿಕೊಡುವಾಗ ಅದು ವಿಶೇಷ ಸೌಲಭ್ಯ ಎಂದು ಯಾರಿಗೂ ಅನ್ನಿಸುವುದಿಲ್ಲ. ಬೇರೆಯವರದ್ದಾದಾಗ ಮಾತ್ರ ಅದು ತೊಂದರೆಯಾಗಿ ಕಾಣುತ್ತದೆ. ಈ ಒಂದು ಮಾತು ಆದ ಮೇಲೆ ಇನ್‌ಚಾರ್ಜ್ ಸಿಸ್ಟರ್ ನನ್ನ ಜೊತೆ ಪೂರಾ ನಿಂತರು.

ಪುಣೆಗೆ ಈ ವಿಷಯದಲ್ಲಿ ಹಳೆಯ ನೆನಪೂ ಒಂದಿದೆ. 1897ರ ಪ್ಲೇಗಿನಲ್ಲಿ ರ್‍ಯಾಂಡ್ ಎಂಬ ಬ್ರಿಟಿಷ್ ಅಧಿಕಾರಿಯ ಕೈಕೆಳಗೆ ಸೈನಿಕರು ಮನೆಮನೆಗೆ ನುಗ್ಗಿದರು. ಅಡುಗೆಮನೆ, ದೇವರಮನೆ ನೋಡಲಿಲ್ಲ. ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ಪರೀಕ್ಷಿಸಿದರು ಎಂದು ಜನ ಕುದಿದರು. ಆ ವರ್ಷ ಜೂನ್ 22ರಂದು ಚಾಪೇಕರ್ ಸಹೋದರರು ರ್‍ಯಾಂಡ್ ಮೇಲೆ ಗುಂಡು ಹಾರಿಸಿದರು. ಪ್ಲೇಗ್ ತಡೆಯುವ ಉದ್ದೇಶ ಸರಿಯೇ ಇತ್ತು. ಆದರೆ ಮನೆಯವರನ್ನು ಕೇಳದೆ ಒಳಗೆ ಬಂದ ಔಷಧಿಯನ್ನು ಜನ ಶತ್ರುವಾಗಿ ನೋಡಿದರು. ಅದೇ 1897ರಲ್ಲಿ ಇದೇ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಾ ತಾವೂ ಪ್ಲೇಗಿಗೆ ತುತ್ತಾದರು. ಜನರ ನಡುವೆಯೇ ಬದುಕಿದ ಅವರ ಆರೈಕೆಯನ್ನು ಯಾರೂ ದಾಳಿ ಅನ್ನಲಿಲ್ಲ.

ಕೇಳಿದ್ದು

ಅವತ್ತು ಡ್ಯೂಟಿ ಮುಗಿದ ಮೇಲೆ ನಾನು ಫಾರ್ಮ್ ಇಲ್ಲದೆ ಹೋಗಿ ಕುಳಿತೆ. "ಅಮ್ಮಾ" ಅನ್ನುವುದನ್ನು ಬಿಟ್ಟು ಅವರ ಸೊಸೆ ಕರೆಯುವ ಹಾಗೆ "ಅವ್ವಾ" ಅಂದೆ. ಡಾಕ್ಟರೂ ಮಾನವಶಾಸ್ತ್ರಜ್ಞರೂ ಆದ ಆರ್ಥರ್ ಕ್ಲೈನ್‌ಮನ್ 1970ರ ದಶಕದಲ್ಲಿ ಕೆಲವು ಪ್ರಶ್ನೆಗಳನ್ನು ಕೊಟ್ಟಿದ್ದಾರೆ. ಈ ಕಾಯಿಲೆಯನ್ನು ನೀವು ಏನೆಂದು ಕರೆಯುತ್ತೀರಿ, ಯಾಕೆ ಬಂತು ಅನ್ನಿಸುತ್ತದೆ, ಇದರಲ್ಲಿ ನಿಮಗೆ ಜಾಸ್ತಿ ಭಯ ಯಾವುದು. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ರೋಗಿಯ ಮುಂದೆ ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು.

ಅವರು ಕಾಯಿಲೆಗೆ "ಸಕ್ರಿ ಬ್ಯಾನಿ" ಅಂದರು. ಆದರೆ ಕಾಲಿನ ಗಾಯ ಸಕ್ರಿಯಿಂದ ಬಂದದ್ದು ಎಂದು ಅವರು ಒಪ್ಪಲಿಲ್ಲ.

"ಮಲ್ಲಯ್ಯನ ಹರಕಿ ಉಳದೈತಿ. ಮೂರು ವರ್ಷ ಆತು. ಅದಕ್ಕ ಇದು ಮಾಯವಲ್ದು."

ಯುಗಾದಿಯ ಮೊದಲು ಅವರ ಕಡೆಯಿಂದ ಸಾವಿರಾರು ಜನ ಶ್ರೀಶೈಲದ ಮಲ್ಲಿಕಾರ್ಜುನನಲ್ಲಿಗೆ ನಡೆದು ಹೋಗುತ್ತಾರೆ. ಹೆಗಲ ಮೇಲೆ ಕಂಬಿ, ಬಾಯಲ್ಲಿ ಮಲ್ಲಯ್ಯ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ಗಂಡ ಹಾಸಿಗೆ ಹಿಡಿದಿದ್ದಾಗ ಇವರು ಹರಕೆ ಹೊತ್ತಿದ್ದರು, ಬರಿಗಾಲಲ್ಲಿ ಬರುತ್ತೇನೆ ಎಂದು. ಗಂಡ ಉಳಿಯಲಿಲ್ಲ. ಪುಣೆಗೆ ಬಂದರು. ಹರಕೆ ಹಾಗೇ ಉಳಿಯಿತು. ಈ ಸಲ ಯುಗಾದಿಗೆ ಹೋಗಲೇಬೇಕು ಎಂದು ತೀರ್ಮಾನ ಮಾಡಿದ್ದರು. ರೂಢಿಯಾಗಲಿ ಎಂದು ಎರಡು ತಿಂಗಳಿಂದ ಮನೆಯ ಹೊರಗೂ ಚಪ್ಪಲಿ ಬಿಟ್ಟಿದ್ದರಂತೆ. ಗಾಯ ಹೇಗಾಯಿತು ಎಂಬ ನಮ್ಮ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಭಯ ಯಾವುದು ಎಂದು ಕೇಳಿದೆ. ಸಾಯುವುದು ಅಲ್ಲ. "ಕಾಲ ಕಡದ್ರ ನಡದ ಹ್ಯಾಂಗ ಹೋಗಲಿ?"

ಅಂದರೆ ನಾವೂ ಅವರೂ ಬಯಸುತ್ತಿದ್ದದ್ದು ಒಂದನ್ನೇ. ಕಾಲು ಉಳಿಯಬೇಕು. ಅದಕ್ಕೆ ಅವರು ಹುಡುಕಿದ ದಾರಿ ಬರಿಗಾಲ ನಡಿಗೆ. ಆ ದಾರಿಯೇ ಕಾಲನ್ನು ಕಳೆಯುತ್ತಿತ್ತು.

ಮಾಡಿದ್ದು

ಅಮೆರಿಕದ ನರ್ಸ್ ಮ್ಯಾಡಲಿನ್ ಲೈನಿಂಗರ್ 1950ರ ದಶಕದಲ್ಲಿ ಮಕ್ಕಳ ಆರೈಕೆ ಮಾಡುತ್ತಿದ್ದಾಗ, ಒಂದೇ ಬಗೆಯ ಆರೈಕೆ ಬೇರೆ ಬೇರೆ ಮನೆಯ ಮಕ್ಕಳಿಗೆ ಒಗ್ಗುವುದಿಲ್ಲ ಎಂಬುದನ್ನು ಕಂಡರು. ಆಮೇಲೆ ಮಾನವಶಾಸ್ತ್ರ ಓದಿದರು, ನ್ಯೂಗಿನಿಯ ಗುಡ್ಡಗಾಡಿನ ಗ್ಯಾಡ್ಸಪ್ ಜನರ ನಡುವೆ ಇದ್ದು ಬಂದರು. ಅವರು ಹೇಳುವುದು ಮೂರು ದಾರಿ. ಒಳ್ಳೆಯದಿದ್ದರೆ ಹಾಗೇ ಉಳಿಸು. ಸ್ವಲ್ಪ ಹೊಂದಿಸಬೇಕಿದ್ದರೆ ಇಬ್ಬರೂ ಸೇರಿ ಹೊಂದಿಸಿ. ಹಾನಿ ಇದ್ದರೆ ಆ ವ್ಯಕ್ತಿಯ ಜೊತೆಗೇ ಕೂತು ಬದಲಾಯಿಸು. ಪರೀಕ್ಷೆಗೆ ಓದಿದಾಗ ಒಣ ಮಾತಾಗಿ ಕಂಡಿತ್ತು. ಈ ಪ್ರಕರಣದಲ್ಲಿ ಮೂರೂ ಬೇಕಾದವು.

ಉಳಿಸಿದ್ದು ಪೂಜೆಯನ್ನು. ವಾರ್ಡಿನಲ್ಲಿ ಮೈ ಒರೆಸುವುದು 7 ಗಂಟೆಗೆ. ಇವರಿಗೆ ರಾತ್ರಿ ಪಾಳಿಯವರೇ 6:30ಕ್ಕೆ ಬಿಸಿನೀರು ಕೊಡುವುದು, ಕಾಲಿನ ಪಟ್ಟಿಗೆ ಪ್ಲಾಸ್ಟಿಕ್ ಸುತ್ತಿ ಸೊಸೆ ಸ್ನಾನ ಮಾಡಿಸುವುದು. 7:15ಕ್ಕೆ ಪರದೆ ಎಳೆದು 15 ನಿಮಿಷ ಪೂಜೆ. ಊದಿನಕಡ್ಡಿ, ದೀಪ ಬೇಡ ಅಂದೆವು, ಪಕ್ಕದ ಮಂಚಕ್ಕೆ ಆಕ್ಸಿಜನ್ ಇತ್ತು. ಅವರು ಒಂದು ಮಾತೂ ಆಡದೆ ಒಪ್ಪಿದರು. ಕಾರಣ ಹೇಳಿದರೆ ಸಾಕಿತ್ತು. ಇನ್ಸುಲಿನ್ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಮರಾಠಿ, ಇಂಗ್ಲಿಷ್ ಎರಡರಲ್ಲೂ ಬರೆದೆವು: ಪೂಜೆ ಆಯಿತೇ ಎಂದು ಕೇಳಿ, ಆಮೇಲೆ ಇನ್ಸುಲಿನ್. ವಾರ್ಡಿಗೆ ಇದರಿಂದ ಜಾಸ್ತಿಯಾದ ಕೆಲಸ ದಿನಕ್ಕೆ ಐದು ನಿಮಿಷ.

ಐದು ದಿನದ ನಂತರ ಇನ್ನೊಮ್ಮೆ ಥಿಯೇಟರಿಗೆ ಹೋಗಬೇಕಾಯಿತು. ಈ ಸಲ ಮೊದಲೇ ಸರ್ಜನ್ ಮತ್ತು ಅನಸ್ತೇಶಿಯಾ ಡಾಕ್ಟರನ್ನು ಕೇಳಿದೆವು. ಬೆಳ್ಳಿ ಕರಡಿಗೆ ಮಾತ್ರ ಲೋಹ, ಒಳಗಿನ ಲಿಂಗ ಲೋಹವಲ್ಲ. ಅವ್ವನೇ ತಮ್ಮ ಕೈಯಿಂದ ಲಿಂಗವನ್ನು ಒಗೆದ ಬಿಳಿ ಬಟ್ಟೆಯಲ್ಲಿ ಕಟ್ಟಿದರು. ಅದನ್ನು ಸ್ಟೆರೈಲ್ ಚೀಲದಲ್ಲಿಟ್ಟು ಎಡ ತೋಳಿಗೆ ಟೇಪ್ ಹಾಕಿದೆವು. ಬಲಗಾಲಿನ ಆಪರೇಷನ್, ಎಡ ತೋಳಿಗೂ ಅದಕ್ಕೂ ಸಂಬಂಧವಿಲ್ಲ. ಥಿಯೇಟರಿನ ಬಾಗಿಲಲ್ಲಿ ಅವರು ತೋಳನ್ನು ಮುಟ್ಟಿ ನೋಡಿಕೊಂಡು ಒಳಗೆ ಹೋದರು. ಬಿಪಿ ಕೂಡ ಮೊದಲ ಸಲಕ್ಕಿಂತ ಕಡಿಮೆ ಇತ್ತು.

ಹೊಂದಿಸಿದ್ದು ಊಟವನ್ನು. ಇಲ್ಲಿ ನಾನು ಮತ್ತೊಂದು ತಪ್ಪು ಮಾಡಿದ್ದೆ. ಹಗುರವಾಗಿರಲಿ ಎಂದು ಗಂಜಿ ಬರೆಸಿದ್ದೆ. ನಮ್ಮ ಕಡೆ ಗಂಜಿ ಅಂದರೆ ಅಮ್ಮನ ಕೈ ಊಟ. ಅವ್ವ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. "ಗಂಜಿ ಕುಡಿಲಾಕ ನಾ ಏನು ಸಾಯಾಕ ಬಿದ್ದೀನೇನು? ರೊಟ್ಟಿ ಇಲ್ಲದ್ದು ಊಟಾನ ಅಲ್ಲ."

ಡಯಟ್ ಹಾಳೆಯಲ್ಲಿ ಇದ್ದದ್ದು ಚಪಾತಿ, ಓಟ್ಸ್, ಮೊಟ್ಟೆಯ ಬಿಳಿ. ಅವರು ಮೊಟ್ಟೆ ಮುಟ್ಟುವವರಲ್ಲ. ಸೊಸೆ ಇನ್ನೊಂದು ತುದಿಯಲ್ಲಿದ್ದಳು. ಜೋಳ ತಿಂದರೆ ಸಕ್ಕರೆ ಏರುವುದೇ ಇಲ್ಲ, ಎಷ್ಟು ಬೇಕಾದರೂ ತಿನ್ನಬಹುದು ಎಂದು ನಂಬಿದ್ದಳು. ಎರಡೂ ಸರಿಯಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ, ಅದು ಒಳ್ಳೆಯದೇ. ಆದರೆ ಪಿಷ್ಟವೂ 65ರಿಂದ 70 ಗ್ರಾಂ ಇದೆ. ಸೊಸೆಗೆ ಮನೆಯಲ್ಲಿ ಒಂದು ರೊಟ್ಟಿಯ ಹಿಟ್ಟು ತೂಗಿ ನೋಡಲು ಹೇಳಿದೆ. ಕಿರಾಣಿ ಅಂಗಡಿಯಲ್ಲಿ ತೂಗಿಸಿದಳು. 60 ಗ್ರಾಂ. ಅಂದರೆ ಒಂದು ರೊಟ್ಟಿ ನಮ್ಮ ಹಾಳೆಯ ಎರಡು ಚಪಾತಿಗೆ ಸಮ. ಅವ್ವ ಹೊತ್ತಿಗೆ ನಾಲ್ಕು ತಿನ್ನುತ್ತಿದ್ದರು. ಡಯಟಿಷಿಯನ್ ಜೊತೆ ಕೂತು ಹಾಳೆಯನ್ನು ಮತ್ತೆ ಬರೆದೆವು. ಹೊತ್ತಿಗೆ ಎರಡು ರೊಟ್ಟಿ, ಒಂದು ಬಟ್ಟಲು ಹೆಸರುಕಾಳು ಅಥವಾ ಮಡಿಕೆಕಾಳಿನ ಪಲ್ಯ, ಸೊಪ್ಪು, ಮೊಸರು, ಒಂದು ಚಮಚ ಶೇಂಗಾ ಹಿಂಡಿ (ಚಟ್ನಿಪುಡಿ). ಗಾಯ ಮಾಯಲು ಬೇಕಾದ ಪ್ರೋಟೀನು ಕಾಳು, ಮೊಸರಿನಿಂದಲೇ ಬರಲಿ ಎಂದಾಯಿತು. ರೊಟ್ಟಿ ಎರಡಕ್ಕೆ ಇಳಿದದ್ದಕ್ಕೆ ಅವ್ವ ಸ್ವಲ್ಪ ಗೊಣಗಿದರು. ಆದರೆ ತಿಂದರು.

ಸೋಮವಾರದ ಉಪವಾಸದ ಮಾತು ತಾನಾಗಿ ಹೊರಗೆ ಬಂದದ್ದು ಇದೇ ವೇಳೆ. ಅವತ್ತು ಒಪ್ಪತ್ತು, ಮಧ್ಯೆ ಸಾಬೂದಾಣಿ. ಇನ್ಸುಲಿನ್ ಹಾಗೇ ಚುಚ್ಚಿಕೊಂಡು ಒಪ್ಪತ್ತು ಮಾಡಿದರೆ 52 ಮತ್ತೆ ಬರುತ್ತದೆ. ಡಾಕ್ಟರು ಸೋಮವಾರಕ್ಕೆ ಬೇರೆ ಡೋಸ್ ಬರೆದುಕೊಟ್ಟರು. ಸಾಬೂದಾಣಿ ಬರೀ ಪಿಷ್ಟ, ಅದರ ಬದಲು ಮೊಸರು, ಶೇಂಗಾ. ಬೆವರು ನಡುಕ ಬಂದರೆ ವ್ರತ ಮುರಿದು ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯುವುದು, 15 ನಿಮಿಷಕ್ಕೆ ಮತ್ತೆ ನೋಡುವುದು. ವ್ರತ ಮುರಿಯಬಹುದೇ ಎಂದು ನಾನು ಅವರನ್ನೇ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಔಷಧ ಅಂತ ತಗೊಂಡ್ರ ನಡೀತದ" ಅಂದರು. ಹಾಗಾಗಿ ಆ ಸಕ್ಕರೆ ಪೊಟ್ಟಣ ಅಡುಗೆಮನೆಯಲ್ಲಿಲ್ಲ, ಗುಳಿಗೆ ಡಬ್ಬಿಯಲ್ಲಿದೆ.

ವಿಭೂತಿಯ ವಿಷಯ ಬೇಗ ಮುಗಿಯಿತು. ಗಾಯದ ಮೇಲೆ ವಿಭೂತಿ, ಅರಿಶಿನ ಹಚ್ಚುತ್ತಿದ್ದರು. ತೆರೆದ ಆಳದ ಗಾಯಕ್ಕೆ ಡ್ರೆಸಿಂಗ್ ಬಿಟ್ಟು ಏನೂ ಬೇಡ, ವಿಭೂತಿ ಹಣೆಗೆ, ಮೊಣಕಾಲಿಗೆ ಇರಲಿ ಅಂದೆ. ಒಪ್ಪಿದರು. ಡ್ರೆಸಿಂಗ್ ಮಾಡಲು ಅವರ ಕಾಲನ್ನು ನನ್ನ ತೊಡೆ ಮೇಲೆ ಇಟ್ಟುಕೊಳ್ಳಲು ಹೋದಾಗ ಮಾತ್ರ ಪ್ರತಿ ಸಲ ಎಳೆದುಕೊಳ್ಳುತ್ತಿದ್ದರು. "ನಿನ್ನ ತೊಡಿ ಮ್ಯಾಲ ನಾ ಕಾಲ ಇಡಬಾರದು ಯವ್ವಾ." ನೋವಿನಿಂದ ಎಳೆಯುತ್ತಾರೆ ಎಂದು ಬೇರೆ ಸಿಸ್ಟರ್‌ಗಳು ಬರೆದಿದ್ದರು. ನೋವು ತಿಳಿಯುವ ಕಾಲೇ ಅಲ್ಲ ಅದು. ಒಂದು ಸ್ಟೂಲು ತಂದಿಟ್ಟೆವು. ಅಷ್ಟೇ ಬೇಕಿದ್ದದ್ದು.

ಹರಕೆ

ಬದಲಾಯಿಸಬೇಕಿದ್ದದ್ದು ಇದನ್ನು. ಕಷ್ಟದ್ದೂ ಇದೇ. ನಾಲ್ಕು ತಿಂಗಳಲ್ಲಿ ಯುಗಾದಿ. ಗಾಯ ಮಾಯ್ದರೂ ಹೊಸ ಚರ್ಮ ದಿನಗಟ್ಟಲೆ ಬರಿಗಾಲ ನಡಿಗೆ ತಡೆಯುವುದಿಲ್ಲ. ಡಾಕ್ಟರು ನೇರವಾಗಿ ಹೋಗಬಾರದು ಅಂದರು. ಅವ್ವ ತಲೆಯಾಡಿಸಿದರು. ಆ ತಲೆಯಾಟದ ಅರ್ಥ ನನಗೆ ಆಗ ಗೊತ್ತಾಗುತ್ತಿತ್ತು. ಹೋಗುತ್ತೇನೆ, ನಿಮಗೆ ಹೇಳುವುದಿಲ್ಲ ಎಂದು.

ಮಗ ನನ್ನನ್ನು ಪಕ್ಕಕ್ಕೆ ಕರೆದರು. "ಊರ ಮಠದ ಅಯ್ಯನವರ ಮಾತು ಅವ್ವ ಮೀರೂದಿಲ್ಲ. ಹೋಗಬ್ಯಾಡ ಅಂತ ಹೇಳ್ರಿ ಅಂತ ನೀವು ಅವರಿಗೆ ಫೋನ್ ಮಾಡಿ ಹೇಳಿಬಿಡ್ರಿ."

ನಾನು ಒಪ್ಪಲಿಲ್ಲ. ಅದು ಅವ್ವನ ಬೆನ್ನ ಹಿಂದೆ ಅವರ ದೇವರನ್ನೇ ಗುಳಿಗೆ ಮಾಡಿ ನುಂಗಿಸಿದ ಹಾಗೆ. ರೋಗಿಯ ನಂಬಿಕೆ ನಮ್ಮ ಕೆಲಸ ಸುಲಭ ಮಾಡಿಕೊಳ್ಳುವ ಸಾಧನ ಅಲ್ಲ. ಬದಲಿಗೆ ಅವ್ವನನ್ನೇ ಕೇಳಿದೆ. ಅಯ್ಯನವರ ಹತ್ತಿರ ಮಾತಾಡುತ್ತೀರಾ, ನಿಮ್ಮ ಕಾಲಿನ ಸ್ಥಿತಿಯನ್ನು ನಾನು ಅವರಿಗೆ ತಿಳಿಸಬಹುದಾ? ಒಂದು ದಿನ ಬಿಟ್ಟು ಹೂಂ ಅಂದರು. ಸ್ಪೀಕರ್ ಇಟ್ಟು, ಅವ್ವನ ಎದುರೇ, ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಕಾಲಿಗೆ ಸ್ಪರ್ಶ ಇಲ್ಲ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಗಾಯ ಮೂಳೆಗೆ ಇಳಿದರೆ ಬೆರಳೋ ಪಾದವೋ ಹೋಗಬಹುದು. ಏನು ಹೇಳಬೇಕು ಎಂದು ನಾನು ಹೇಳಿಕೊಡಲಿಲ್ಲ.

ಅಯ್ಯನವರು ಒಂದೇ ಸಲಕ್ಕೆ ಬೇಡ ಅನ್ನಲಿಲ್ಲ. ಹರಕೆ ಯಾರಿಗಾಗಿ, ಯಾವ ವರ್ಷ, ಏನೆಂದು ಹೊತ್ತದ್ದು ಎಂದು ಕೇಳಿದರು. ಆಮೇಲೆ ಮನೆಯ ಒಬ್ಬರು ನಡೆದರೂ ಹರಕೆ ಮುಟ್ಟುತ್ತದೆ, ನಡೆಯುವವರಿಗೆ ದಾಸೋಹ ಮಾಡಿದರೂ ಮಲ್ಲಯ್ಯನ ಸೇವೆಯೇ ಅಂದರು. ತೀರ್ಮಾನ ನಿಮ್ಮದು ಎಂದು ಫೋನಿಟ್ಟರು.

ಅವ್ವ ಎಂಟು ದಿನ ಏನೂ ಹೇಳಲಿಲ್ಲ. ಡಿಸ್ಚಾರ್ಜ್ ಆಗುವ ದಿನ, ಚೀಲ ಕಟ್ಟುತ್ತಿದ್ದ ಮೊಮ್ಮಗನ ಕಡೆ ನೋಡಿ, "ಅಂವ ನಡೀತಾನಂತ. ನಾ ರೊಟ್ಟಿ ಬಡೀತೀನಿ" ಅಂದರು. ಹುಡುಗ ಪುಣೆಯಲ್ಲೇ ಬೆಳೆದವನು. ಅವನನ್ನು ಯಾರು ಕೇಳಿದರು, ಅವನು ಯಾವಾಗ ಒಪ್ಪಿದ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ

ಗಾಯ ಪೂರ್ತಿ ಮುಚ್ಚಲು 13 ವಾರ ಹಿಡಿಯಿತು. ಹೊರಗೆ ಓಡಾಡಲು ಮೆತ್ತನೆಯ ಎಂಸಿಆರ್ ರಬ್ಬರಿನ, ವೆಲ್ಕ್ರೊ ಪಟ್ಟಿಯ ಚಪ್ಪಲಿ ಮಾಡಿಸಿದೆವು. ಅಡುಗೆಮನೆ, ಪೂಜೆಯ ಜಾಗಕ್ಕೆ ಚಪ್ಪಲಿ ಹಾಕುವುದು ಅವರಿಗೆ ಸಾಧ್ಯವಿರಲಿಲ್ಲ. ಹೊಸದೇ ಇನ್ನೊಂದು ಜೊತೆ, ಹೊಸ್ತಿಲು ದಾಟದ್ದು, ಒಳಗಷ್ಟೇ ಎಂದು ಇಟ್ಟರು. ದೇವರ ಮುಂದೆ ಅದನ್ನೂ ಬಿಡುತ್ತಾರೆ, ಆದರೆ ಅಲ್ಲಿ ಚಾಪೆಯ ಮೇಲೆ ಕೂತಿರುತ್ತಾರೆ. ದಿನವೂ ಪಾದ ನೋಡುವ ಕೆಲಸವನ್ನು ಸ್ನಾನಕ್ಕೂ ಪೂಜೆಗೂ ನಡುವೆ ಇಟ್ಟೆವು. ಪೂಜೆ ತಪ್ಪುವುದಿಲ್ಲ ಅಂದರೆ ಪಾದ ನೋಡುವುದೂ ತಪ್ಪುವುದಿಲ್ಲ. ಫೆಬ್ರವರಿಯಲ್ಲಿ ಹಳೆ ಗಾಯದ ಪಕ್ಕ ಒಂದು ಸಣ್ಣ ನೀರುಗುಳ್ಳೆಯನ್ನು ಸೊಸೆ ಅವತ್ತೇ ಕಂಡು ಕರೆತಂದಳು. ಹೊಸ ಚಪ್ಪಲಿಯ ಪಟ್ಟಿ ಒತ್ತಿತ್ತು. ಪಟ್ಟಿ ಬದಲಾಯಿಸಿದೆವು.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಸಂಜೆಯ ಇನ್ಸುಲಿನ್ ಆಗಾಗ ತಪ್ಪುತ್ತದೆ, ಸೊಸೆ ಕೆಲಸದಿಂದ ಬರುವುದು ತಡ. ಎಚ್‌ಬಿಎ1ಸಿ 8.1ಕ್ಕೆ ಇಳಿದಿದೆ, ಇನ್ನೂ ಇಳಿಯಬೇಕು. ವಾರ್ಡಿನಲ್ಲಿ ಆಪರೇಷನ್ ಮುಂಚಿನ ಹಾಳೆಗೆ ಒಂದು ಸಾಲು ಸೇರಿದೆ: "ಮೈಮೇಲಿಂದ ತೆಗೆಯಬಾರದ್ದು ಏನಾದರೂ ಇದೆಯೇ? ರೋಗಿಯನ್ನೇ ಕೇಳಿ." ಕೆಲವರು ಕೇಳುತ್ತಾರೆ, ಕೆಲವರು ಸುಮ್ನೆ ಟಿಕ್ ಹಾಕುತ್ತಾರೆ. ಹೊಸಬರು ಬಂದಾಗಲೆಲ್ಲ ಆ 52ರ ಕಥೆ ಹೇಳುತ್ತೇನೆ.

ಯುಗಾದಿ, ಇಲ್ಲಿನವರ ಗುಡಿ ಪಾಡ್ವಾ, ಮುಗಿದ ಮೇಲೆ ಏಪ್ರಿಲ್‌ನಲ್ಲಿ ಅವ್ವ ಮೊಮ್ಮಗನ ಜೊತೆ ಬಂದರು. ಹಳ್ಳಿಯಲ್ಲಿ ಎತ್ತರದ ಮಣೆಯ ಮೇಲೆ ಕೂತು ಪಾದಯಾತ್ರೆಯವರಿಗೆ ಮೂರು ದಿನ ರೊಟ್ಟಿ ಬಡಿದಿದ್ದರಂತೆ. ಒಂದು ಡಬ್ಬಿ ಖಡಕ್ ರೊಟ್ಟಿ ನನಗೂ ತಂದಿದ್ದರು. ಹುಡುಗ ಕುಂಟುತ್ತಿದ್ದ. ನಾನು ಸ್ಟೂಲು ಎಳೆದು ಅವ್ವನ ಕಾಲಿಗೆ ಕೈ ಚಾಚಿದೆ.

"ನಂದು ಇರ್ಲಿ. ಮೊದಲ ಇವನ ಕಾಲ ನೋಡು ತಂಗಿ" ಅಂದರು.

ಹುಡುಗನ ಎರಡೂ ಅಂಗಾಲು ಗುಳ್ಳೆ ಎದ್ದು ಒಡೆದು ಒಣಗಿದ್ದವು. ನಾನು ಟ್ರೇ ತರಿಸಿದೆ. ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡು ಅಜ್ಜಿಯ ಮುಖ ನೋಡಿದ.